ವಿಳಾಸದ ಬಾಲ

ನಮ್ಮ ಅತ್ತೆಗೆ ಓದಲು ಚೆನ್ನಾಗಿ ಬರುತ್ತದೆ, ಬೆರಳುಗಳು ಮಾತ್ರ ನಡುಗುತ್ತವೆ. ಮೊಬೈಲಿನಲ್ಲಿ ಪುಟ ಸರಿಸಲು ಹೋದರೆ ಅದು ಎಲ್ಲೆಲ್ಲಿಗೋ ಓಡುತ್ತದೆ. ಕೊಟ್ಟೂರಿನಲ್ಲಿರುವ ನಾದಿನಿಯ ಮಗಳು ನಮ್ಮ ಮನೆತನದ ಹಾಡುಗಳನ್ನೆಲ್ಲ ಬರೆದುಕೊಂಡು ಇಂಟರ್ನೆಟ್ಟಿನಲ್ಲಿ ಒಂದೇ ಉದ್ದನೆಯ ಪುಟ ಮಾಡಿದ್ದಳು. ಅದರ ನಡುವೆ ಎಲ್ಲೋ ಅತ್ತೆಯ ಮಂಗಳಾರತಿ ಪದ. ಪದ ಅವರದೇ, ಈಚೆಗೆ ಸಾಲುಗಳು ಮರೆತುಹೋಗುತ್ತಿದ್ದವು. ಅಜ್ಜಿಗೆಂದೇ ಅವಳು ಕಳಿಸಿದ ಲಿಂಕ್ ಮುಟ್ಟಿದರೆ ಪುಟ ನೇರ ಆ ಪದದ ಮುಂದೆ ಬಂದು ನಿಲ್ಲುತ್ತಿತ್ತು. ಸಂಜೆ ದೀಪ ಹಚ್ಚಿ, ಯಾರನ್ನೂ ಕರೆಯದೆ, ತಾವೇ ತೆರೆದು ಓದಿಕೊಳ್ಳುತ್ತಿದ್ದರು. ಕಣ್ಣಿರುವ ತನಕ ಇದೊಂದು ಸಾಕು ಎನ್ನುತ್ತಿದ್ದರು.

ಒಂದು ಸೋಮವಾರ ಮುಟ್ಟಿದರೆ ಪುಟದ ತಲೆ ಬಂತು. ಅಲ್ಲಿ ಮೊದಲಿರುವುದು ಬೀಸುವ ಹಾಡು.

“ಅಯ್ಯ, ನನ್ನ ಪದ ಎಲ್ಲಿ ಹೋತವಾ? ಆರತಿ ಮಾಡಾಕ ಬಂದ್ರ ಇದು ಬೀಸಾಕ ಕುಂದ್ರಸ್ತೈತಿ!”

ಅದೇ ವಾರ ಆ ಪುಟ ಹೊಸ ವಿಳಾಸಕ್ಕೆ ಹೋಗಿತ್ತು. ಹಳೆಯ ಲಿಂಕ್ ಮುಟ್ಟಿದರೂ ತಾನಾಗಿ ಹೊಸದಕ್ಕೆ ಕಳಿಸುತ್ತದೆ ಎಂದು ಹುಡುಗಿ ಹೇಳಿದ್ದಳು. ಅಲ್ಲೇ ಏನೋ ತಪ್ಪಿದೆ ಎಂದುಕೊಂಡು ಅವಳಿಗೇ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದೆ.

“ಅತ್ತಿ, ಲಿಂಕಿನ ಕೊನೀಗೆ ನೋಡ್ರಿ. ಅಡ್ಡ ಎರಡು, ಉದ್ದ ಎರಡು ಗೆರಿ ಇರೋ ಗುರ್ತು, ಅದರ ಮುಂದ ಅಕ್ಷರ ಅದಾವೇನು?” ಎಂದು ಅವಳು ನನ್ನನ್ನು ಕೇಳಿದಳು.

ಇರಲಿಲ್ಲ.

“ಅದನ್ನ ನಾನಽ ತಗದೀನಿ,” ಎಂದಳು ಪಕ್ಕದಲ್ಲಿದ್ದ ನೆಗೆಣ್ಣಿ, ನನ್ನ ಮೈದುನನ ಹೆಂಡತಿ. ಅತ್ತೆಗೆ ಹಿಂದಿನ ದಿನ ಹೊಸ ಮೊಬೈಲ್ ಬಂದಾಗ ಲಿಂಕ್ ಕಳಿಸಿದವಳು ಅವಳೇ. ನಮ್ಮ ಭಜನೆ ಗುಂಪಿಗೆ ಬರುವ ಮೆಸೇಜುಗಳ ಕೆಳಗೆ ಅದೇ ಗುರುತು ಹಚ್ಚಿದ ಹ್ಯಾಶ್‌ಟ್ಯಾಗುಗಳು ಸಾಲಾಗಿ ಇರುತ್ತವೆ. ಹಿರಿಯರಿಗೆ ತೊಡಕೆಂದು ಅವನ್ನು ಅಳಿಸಿಯೇ ಮುಂದೆ ಕಳಿಸುವುದು ಗುಂಪಿನ ರೂಢಿ. ಇದನ್ನೂ ಹಾಗೆಯೇ ಅಳಿಸಿದ್ದಳು.

“ಸಣ್ಣತ್ತಿ, ಅಜ್ಜಿ ಪದದ ಜಾಗ ತೋರ್ಸೂದಽ ಆ ಬಾಲ. ಬೆಂಡಿಕಾಯಿ ತುದಿ ಮುರದಂಗ ಮುರದೀರಲ್ರಿ!”

“ಹೊಸ ವಿಳಾಸಕ್ಕ ಹೋಗೂ ಗದ್ದಲದಾಗ ಅದು ಉಳೀತೈತೇನು?” ಎಂದೆ.

“ಕೂಡ್ಲಿಗಿ ಬಸ್‌ಸ್ಟ್ಯಾಂಡಿನಾಗ ಕಂಡಕ್ಟರಿಗೆ ಕೊಟ್ಟೂರು ಅಂತೀರಿ. ನಮ್ಮನಿ ಬಾಗಲಾ ಯಾವುದಂತ ಹೇಳ್ತೀರೇನು?”

“ಅವಗ್ಯಾಕ ಬೇಕದು?”

“ಇದೂ ಅಷ್ಟ. ಗುರ್ತಿನ ಮುಂದಿಂದು ಪುಟ ಇಟ್ಟಿರೋ ಕಂಪ್ಯೂಟರಿಗೆ ಹೋಗೂದಽ ಇಲ್ಲ. ಮೊಬೈಲಿನ ಬ್ರೌಸರ್ ತನ್ನ ಹತ್ರ ಇಟ್ಕೊಂತೈತಿ. ನಡುವ ಬ್ಯಾರೆ ಬಸ್ಸಿಗೆ ಹತ್ತಿಸಿದ್ರೂ ಬಾಗಲಾ ನಿಮ್ಮ ತಲ್ಯಾಗ ಇರ್ತೈತಲ್ಲ, ಹಂಗ. ಎರಡನೇ ಬಸ್ಸಿನವ ತಾನಾಗಿ ಇಂಥಾ ಬಾಗಲಕ್ಕ ಹೋಗ್ರಿ ಅಂದ್ರ ಮಾತ್ರ ಬದಲು. ನಾನು ಹಂಗೇನೂ ಬರದಿಲ್ಲ.”

ಅತ್ತೆ ಎಲ್ಲ ಕೇಳಿಸಿಕೊಂಡರು. “ಹಂಗಾರ ನಾ ಯಾವ ಪದ ಬೇಡೀನಿ ಅಂತ ಅಲ್ಲಿ ಗೊತ್ತಾಗೂದಿಲ್ಲ?”

“ಲಿಂಕಿನಿಂದ ಗೊತ್ತಾಗೂದಿಲ್ಲಜ್ಜಿ.”

“ಚಲೋ ಆತು. ಸ್ವಾಮಿಗೆ ಗೊತ್ತಾದ್ರ ಸಾಕು.”

ನೆಗೆಣ್ಣಿ ಅತ್ತೆಯ ಹಳೆಯ ಮೊಬೈಲಿನಿಂದ ಹಳೆಯ ಲಿಂಕನ್ನೇ, ಬಾಲ ಸಮೇತ, ಮತ್ತೆ ಕಳಿಸಿದಳು. ಅತ್ತೆ ಸೆರಗಿಗೆ ಬೆರಳೊರೆಸಿಕೊಂಡು ಮುಟ್ಟಿದರು. ಪರದೆ ಬಿಳಿಯಾಯಿತು, ಮೇಲೆ ಹೊಸ ವಿಳಾಸ ಬಂತು, ಪುಟ ಸರ್ರನೆ ಇಳಿದು ಅವರ ಪದದ ಮುಂದೆ ನಿಂತಿತು. ದೀಪದಲ್ಲಿ ಎಣ್ಣೆ ಇನ್ನೂ ಇತ್ತು. ಅದೂ ಒಂದು ದಯೆ. ಅತ್ತೆ ಓದತೊಡಗಿದರು. ಅಲ್ಲಿ ನಮ್ಮ ಕೆಲಸವಿರಲಿಲ್ಲ. ನಾನು ಬೇಳೆಗೆ ನೀರಿಡಲು ಒಳಗೆ ಹೋದೆ.