ಯುರೋಪಿನ ಮಳೆ, ಅಮೆರಿಕದ ಬಿಸಿಲು
ಲಕ್ಷ್ಮೇಶ್ವರದ ಟೇಲರ್ ಮರ್ದಾನಸಾಬನಿಗೆ ತಲೆ ಎತ್ತಿ ಆಕಾಶ ನೋಡುವ ಅಭ್ಯಾಸವೇ ಇಲ್ಲ; ಮೊಬೈಲಿನಲ್ಲಿ ಯುರೋಪಿನವರ ಮಳೆ ನಕ್ಷೆಯನ್ನೂ ಅಮೆರಿಕದವರದನ್ನೂ ತಾಳೆ ನೋಡದೆ ಹೆಂಡತಿ ರಮಜಾನಬಿಗೆ ಸಂಡಿಗೆ ಹಾಕಲೂ ಬಿಡುವುದಿಲ್ಲ. “ತಡಿ, ಅಮೆರಿಕಾದಾಂವ ಇನ್ನೂ ಒಪ್ಪಿಲ್ಲ” ಎನ್ನುತ್ತಾನೆ. ಇತ್ತ ಹಿಟ್ಟು ಹುಳಿಯಾದರೂ ಯುರೋಪಿನವರ, ಅಮೆರಿಕದವರ ತಕರಾರು ಮುಗಿಯುವುದಿಲ್ಲ. ಮಳೆ ಬಿದ್ದರಂತೂ ಮಾಳಿಗೆಯ ಬೆಳಕಿಂಡಿ ಮುಚ್ಚುವುದು ಬಿಟ್ಟು, ಅದರ ಕೆಳಗೆ ಅವಳ ಹಾಲಿನ ಪಾತ್ರೆಯನ್ನೇ ಇಟ್ಟು, ಯಾರು ಗೆದ್ದರೆಂದು ಅಳೆಯುತ್ತಾನೆ. “ನಿಮ್ಮ ನಕಾಶಿಗಿಷ್ಟು ಬೆಂಕಿ ಹತ್ಲಿ!” ಎಂದು ಅವಳು ರೇಗುವಷ್ಟರಲ್ಲಿ, ಮುಂಡರಗಿಗೆ ಮಳೆ ತೋರಿಸಿದ ನಕ್ಷೆ ಖರೆಯೋ ಸುಳ್ಳೋ ಎಂದು ಕೇಳಲು, ಅಲ್ಲಿಗೆ ಮದುವೆಯಾಗಿ ಹೋದ ಮಗಳಿಗೆ ಫೋನು ಹಚ್ಚಿರುತ್ತಾನೆ. ಮಗಳೊಡನೆ ಬೇರೆ ಮಾತು ಅವನಿಗೆ ಬಾರದು. “ಅಮೀರಾ, ಮಳಿ ಬಂತೇನವಾ?” “ಇಲ್ಲ, ಅಬ್ಬಾ.” ನಕ್ಷೆ ಸುಳ್ಳಾಗಿದ್ದಕ್ಕೆ ಅವನ ಮುಖ ಅರಳುತ್ತದೆ: “ಹಂಗಾರ ನಾಳಿ ಮತ್ತ ಕೇಳ್ತೀನಿ.”