ನನ್ನ ಕಾಗದದ ಮೂಗು

ನನ್ನ ಮೂಗು ದೊಡ್ಡದು. ಅದು ನನಗೂ ಗೊತ್ತು, ಆದರೆ ಬೇರೆಯವರು ಹೇಳಿದರೆ ಸಿಟ್ಟು ಬರುತ್ತದೆ. ಆ ಸಿಟ್ಟು ಇರುವುದೂ ಮೂಗಿನ ತುದಿಯಲ್ಲೇ. ಈ ಬೇಸಿಗೆ ರಜೆಯಲ್ಲಿ ಆ ಮೂಗಿನಿಂದಾಗಿ ನಾನು ಇಡೀ ಊರಿನ ಮುಂದೆ ತಲೆ ತಗ್ಗಿಸಬೇಕಾಯಿತು. ಹೇಳಿಕೊಳ್ಳಲು ನಾಚಿಕೆ. ಆದರೂ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿಟ್ಟುಕೊಂಡರೆ ಅಜೀರ್ಣವಾದೀತು.

ನಾವು ನೀಲಗಿರಿಯ ಬಡಗರು. ಕೆತ್ತಿಯ ಕಣಿವೆಯ ಮೇಲಿರುವುದು ನಮ್ಮ ಹಟ್ಟಿ. ಹಟ್ಟಿ ಅಂದರೆ ನಮ್ಮಲ್ಲಿ ಊರು. ದನ ಕಟ್ಟುವ ಜಾಗ ಅಂದುಕೊಂಡು ನಗಬೇಡಿ. ಮೈಸೂರಿನ ಕಾಲೇಜಿಗೆ ಹೋದಾಗ ನನ್ನ ಮಾತು ಕೇಳಿ ಹುಡುಗರು ನಕ್ಕಿದ್ದು ಸಾಕಾಗಿದೆ. ಆ ಛಲಕ್ಕೇ ಪುಸ್ತಕದ ಕನ್ನಡ ಕಲಿತೆ. ಅದನ್ನು ಮನೆಯಲ್ಲಿ ಆಡಿದರೆ ಅವ್ವೆ ನಗುತ್ತಾಳೆ. ಅವ್ವೆ ಅಂದರೆ ನನ್ನ ತಾಯಿ, ವಯಸ್ಸು ತೊಂಬತ್ತರ ಹತ್ತಿರ. ಟೀ ಫ್ಯಾಕ್ಟರಿಯ ಕಚೇರಿಯಿಂದ ನಿವೃತ್ತನಾದ ಮೇಲೆ ನಮ್ಮ ಜನರ ಪದ್ಧತಿಗಳ ಬಗ್ಗೆ ಲೇಖನ ಬರೆಯತೊಡಗಿದೆ. ಯಾರೋ ಪುಣ್ಯಾತ್ಮರು ಒಂದು ಸಭೆಯಲ್ಲಿ ನನ್ನನ್ನು ವಿದ್ವಾಂಸರು ಅಂದುಬಿಟ್ಟರು. ಕೆಟ್ಟಿದ್ದು ಅಲ್ಲಿಂದಲೇ.

ರಜೆಗೆ ಮೊಮ್ಮಗಳು ನಿತ್ಯಾ ಬಂದಳು, ಎಂಟು ವರ್ಷದವಳು. ಬಂದವಳೇ ಫೋನಿನಲ್ಲಿ ಏನೋ ನೋಡಿ, ಅಕ್ಕಪಕ್ಕದ ನಾಲ್ಕು ಹೆಣ್ಣುಮಕ್ಕಳನ್ನು ಸೇರಿಸಿಕೊಂಡು ಸ್ಕ್ವಿಶಿಯ ಕಾರ್ಖಾನೆ ತೆರೆದಳು. ಸ್ಕ್ವಿಶಿ ಗೊತ್ತಲ್ಲ? ನನಗೂ ಗೊತ್ತಿರಲಿಲ್ಲ. ಕಾಗದದ ಮೇಲೆ ಬೆಕ್ಕನ್ನೋ ಹಣ್ಣನ್ನೋ ಬರೆದು ಬಣ್ಣ ಹಚ್ಚುವುದು, ಅದೇ ಆಕಾರದ ಇನ್ನೊಂದನ್ನು ಕತ್ತರಿಸುವುದು, ಎರಡಕ್ಕೂ ಮೇಲೆಲ್ಲ ಸೆಲೋಟೇಪು ಅಂಟಿಸುವುದು, ಅಂಚು ಕೂಡಿಸಿ, ಒಂದು ಬಾಯಿ ಬಿಟ್ಟು, ಒಳಗೆ ಮೆತ್ತಗಿನದೇನಾದರೂ ತುಂಬಿ ಮುಚ್ಚುವುದು. ಆಮೇಲೆ ಒತ್ತುವುದು. ಒತ್ತಿದರೆ ಪರಪರ ಅನ್ನುತ್ತದೆ, ಬಿಟ್ಟರೆ ನಿಧಾನಕ್ಕೆ ಉಬ್ಬುತ್ತದೆ. ಅಷ್ಟೇ. ಇದರಲ್ಲೇನು ಸುಖ ಅಂತ ಮೂಗು ಮುರಿದೆ. ಆಮೇಲೆ ಯಾರೂ ಇಲ್ಲದಾಗ ಒಂದು ಸ್ಟ್ರಾಬೆರಿಯನ್ನು ಅರ್ಧ ಗಂಟೆ ಒತ್ತುತ್ತಾ ಕೂತಿದ್ದೆ.

ಕಷ್ಟ ಬಂದದ್ದು ತುಂಬುವ ವಿಷಯದಲ್ಲಿ. ಫೋನಿನಲ್ಲಿ ಪ್ಲಾಸ್ಟಿಕ್ ಕವರ್ ತುಂಬುತ್ತಾರಂತೆ. ನಮ್ಮ ಬೆಟ್ಟದಲ್ಲಿ ಅದಕ್ಕೆ ನಿಷೇಧ. ಚೆಕ್‌ಪೋಸ್ಟಿನಲ್ಲಿ ಪ್ರವಾಸಿಗರ ನೀರಿನ ಬಾಟಲಿಯನ್ನೂ ಬಿಡುವುದಿಲ್ಲ. ಮಕ್ಕಳು ಮುಖ ಸಣ್ಣ ಮಾಡಿಕೊಂಡರು. ಆಗ ನನ್ನೊಳಗಿನ ಉಪಕಾರಿ ಎದ್ದ. ಅವ್ವೆ ಎರಡು ದಿನಕ್ಕೆಂದು ಎಮರಾಲ್ಡ್ ಅನ್ನುವ ಊರಿನಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದಳು. ಅವಳ ದಿಂಬು ನನ್ನ ಕಣ್ಣಿಗೆ ಬಿತ್ತು. ಎಣ್ಣೆ ಹಿಡಿದು ಕಪ್ಪಾದ, ರೊಟ್ಟಿಯ ಹಾಗೆ ಚಪ್ಪಟೆಯಾದ ಬೂರುಗದ ಹತ್ತಿಯ ದಿಂಬು. ಎಷ್ಟು ವರ್ಷದಿಂದ ಎಸೆ ಅಂದರೂ ಕೇಳಿರಲಿಲ್ಲ. ಊಟಿಗೆ ಹೋಗಿ ಸ್ಪಂಜಿನ ಹೊಸ ದಿಂಬು ತಂದಿಟ್ಟೆ, ಹಳೆಯದರ ಹೊಟ್ಟೆ ಹರಿದು ಮಕ್ಕಳ ಮುಂದೆ ಸುರಿದೆ. ಒಂದೇ ಕಲ್ಲಿಗೆ ಎರಡು ಹಕ್ಕಿ ಅಂತ ಬೀಗುತ್ತಾ ಪೇಪರ್ ಹಿಡಿದು ಕೂತೆ.

"ಇದರೊಳಗೆ ಏನೋ ಗಟ್ಟಿ ಇದೆ" ಅಂತ ಯಾವುದೋ ಮಗು ಅಂದಿತು.

"ಬೂರುಗದ ಬೀಜ ಇರುತ್ತದೆ. ತುಂಬು, ತುಂಬು" ಅಂದೆ. ಪೇಪರಿನಿಂದ ತಲೆ ಎತ್ತಲಿಲ್ಲ. ಎತ್ತಿದ್ದರೆ ಈ ಪ್ರಬಂಧ ಬರೆಯುವ ಕರ್ಮ ನನಗಿರುತ್ತಿರಲಿಲ್ಲ.

ಮರುದಿನ ಅವ್ವೆ ಬಂದಳು. ಊಟ ಮಾಡಿ ಹೋಗಿ ಮಲಗಿದವಳು ತಕ್ಷಣ ಎದ್ದು ಕೂತಳು. ಹೊಸ ದಿಂಬನ್ನು ತಿರುಗಿಸಿ ತಿರುಗಿಸಿ ನೋಡಿದಳು. ಹಳೆಯದೆಲ್ಲಿ ಅಂದಳು. ಹರಿದೆ ಅಂದೆ, ಹೆಮ್ಮೆಯಿಂದಲೇ.

"ಅದರೊಳಗೆ ಎನ್ನ ಹಣ ಇತ್ತು."

"ಅಷ್ಟೇನಾ? ಎಷ್ಟಿತ್ತು ಹೇಳು, ಕೊಡ್ತೀನಿ" ಅಂತ ಜೇಬಿಗೆ ಕೈ ಹಾಕಿದೆ.

ಅವ್ವೆ ನನ್ನ ಮುಖವನ್ನೇ ನೋಡಿದಳು. "ದುಡ್ಡಲ್ಲ ಮಗಾ" ಅಂದಳು. "ಹಣ."

ಕೈ ಜೇಬಿನಲ್ಲೇ ಉಳಿಯಿತು. ಮೈಸೂರಿನ ಕನ್ನಡದಲ್ಲಿ ಹಣ ಅಂದರೂ ದುಡ್ಡು ಅಂದರೂ ಒಂದೇ. ನಮ್ಮ ಮನೆಯಲ್ಲಿ ಖರ್ಚಿಗೆ ಬೇಕಾದ್ದು ದುಡ್ಡು. ಹಣ ಅಂದರೆ ಬೇರೆ: ಬೇಳೆಯಷ್ಟು ಸಣ್ಣ, ಹಳೆಯ ಕಾಲದ ಚಿನ್ನದ ನಾಣ್ಯ. ಕೊನೆಯುಸಿರಿನ ಹೊತ್ತಿಗೆ ಅದನ್ನು ತುಪ್ಪದಲ್ಲಿ ಅದ್ದಿ ಬಾಯಿಗಿಡುತ್ತಾರೆ. ಅದಿಲ್ಲದೆ ಆಚೆಯ ದಾರಿ ಸಾಗದು ಅನ್ನುವುದು ಹಿರಿಯರ ನಂಬಿಕೆ. ಇದೆಲ್ಲ ನನಗೆ ಚೆನ್ನಾಗಿ ಗೊತ್ತು. ಗೊತ್ತಿರದೆ ಏನು, ಅದರ ಮೇಲೆ ಐದು ಪುಟದ ಲೇಖನ ಬರೆದವನು ನಾನೇ! "ಈ ಪದ್ಧತಿ ಈಗ ಪೂರ್ತಿ ಮರೆಯಾಗಿದೆ" ಅಂತ ಮೈಸೂರಿನ ಸಭೆಯಲ್ಲಿ ಗಂಟಲು ಗದ್ಗದಿಸಿ ಓದಿ ಚಪ್ಪಾಳೆ ಗಿಟ್ಟಿಸಿದ್ದೆ. ಆ ಹೊತ್ತಿನಲ್ಲಿ ಅದು ನನ್ನ ಮನೆಯಲ್ಲೇ, ಬಟ್ಟೆಯ ಚೂರಿನಲ್ಲಿ ಸುತ್ತಿಕೊಂಡು, ಹೆತ್ತವಳ ತಲೆಯ ಕೆಳಗಿತ್ತು. ಥೂ ನನ್ನ ಜನ್ಮಕ್ಕೆ.

ಅವ್ವೆ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಎನ್ನ ಅವ್ವೆ ಕೊಟ್ಟದ್ದು" ಅಂದು ಗೋಡೆಯ ಕಡೆ ತಿರುಗಿ ಮಲಗಿದಳು. ದಿಂಬಿಲ್ಲದೆ, ಕೈಯನ್ನೇ ತಲೆಗಿಟ್ಟುಕೊಂಡು.

ನಿತ್ಯಾಳನ್ನು ಕೇಳಿದೆ. ಗಟ್ಟಿ ಯಾರ ಕೈಗೆ ಸಿಕ್ಕಿತ್ತೋ, ಯಾವುದರೊಳಗೆ ಸೇರಿತೋ, ಅವಳಿಗೂ ನೆನಪಿಲ್ಲ. ಎಂಟು ಸ್ಕ್ವಿಶಿ ನಮ್ಮದೂ ಸೇರಿ ಐದು ಮನೆಗೆ ಹಂಚಿಹೋಗಿದ್ದವು. ಅವಳ ಕೈ ಹಿಡಿದುಕೊಂಡು, ಕತ್ತರಿ ಜೇಬಿನಲ್ಲಿಟ್ಟುಕೊಂಡು ಹೊರಟೆ. ಅರವತ್ತಾರು ವರ್ಷದ ವಿದ್ವಾಂಸ ಮನೆಮನೆಯ ಬಾಗಿಲಲ್ಲಿ ನಿಂತು ಕಾಗದದ ಬೆಕ್ಕನ್ನು ಒತ್ತಿ ನೋಡುವುದನ್ನು ಊಹಿಸಿಕೊಳ್ಳಿ. ಮೊದಲ ಮನೆಯಲ್ಲಿ, "ಅಂಟು ಗಟ್ಟಿಯಾಗಿದೆಯಾ ಅಂತ ನೋಡೋಣ ಅಂತ ಬಂದೆ" ಅಂದೆ. ನಿತ್ಯಾ ಥಟ್ಟನೆ, "ಸುಳ್ಳು. ಹೆತ್ತಪ್ಪ ಹೆತ್ತೆಯ ಹಣವನ್ನ ಇದರೊಳಗೆ ಹಾಕಿಸಿಬಿಟ್ಟಿದ್ದಾರೆ" ಅಂದಳು. ಹೆತ್ತಪ್ಪ ಅಂದರೆ ಅಜ್ಜ, ಹೆತ್ತೆ ಅಂದರೆ ಅಜ್ಜಿ, ಮುತ್ತಜ್ಜಿಗೂ ಅದೇ. ಆ ಮನೆಯ ಹೆಂಗಸು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಅವಳ ಅತ್ತೆ ಒಳಗಿನಿಂದಲೇ, "ಓದಿದವನು ಮಾಡುವ ಕೆಲಸವಾ ಇದು?" ಅಂದರು. ಎರಡನೆಯ ಮನೆಗೆ ನಾನು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು.

ಒತ್ತಿದರೆ ಗೊತ್ತಾಗಲಿಲ್ಲ, ಬೂರುಗದ ಬೀಜವೂ ಗಟ್ಟಿಯೇ. ಕತ್ತರಿಸಬೇಕಾಯಿತು. ಕ್ಯಾರೆಟ್, ಕೋಸು, ಬೆಟ್ಟದ ರೈಲು, ಒಂದೊಂದನ್ನೂ ಮಕ್ಕಳ ಕಣ್ಣೆದುರಿಗೇ ಕುಯ್ದೆ. ಕ್ಯಾರೆಟ್ಟಿನ ಒಡತಿ ಕವಿತಾ ಅಳಲಿಲ್ಲ. "ಹೆತ್ತೆಗೆ ಬೇಕಲ್ಲ, ಕುಯ್ಯಿರಿ" ಅಂತ ತಾನೇ ಚಾಚಿದಳು. ಅಳು ಬಂದದ್ದು ನನಗೆ. ಎಂಟನ್ನೂ ಕುಯ್ದದ್ದಾಯಿತು. ಬರೀ ಹತ್ತಿ, ಬೀಜ.

ಮನೆಗೆ ಮರಳಿ ಮೆಟ್ಟಿಲ ಮೇಲೆ ಕೂತೆ. ನಿತ್ಯಾ ಬೆರಳು ಮಡಿಸಿ ಲೆಕ್ಕ ಹಾಕಿ, "ನಿಮ್ಮದು?" ಅಂದಳು.

ನನ್ನದು! ಮಕ್ಕಳೆಲ್ಲ ಸೇರಿ ನನ್ನದೇ ಮುಖದ ಸ್ಕ್ವಿಶಿ ಮಾಡಿ ಮೇಜಿನ ಮೇಲಿಟ್ಟಿದ್ದರು. ಕನ್ನಡಕ, ನಾಲ್ಕು ಕೂದಲು, ಅರ್ಧ ಮುಖ ತುಂಬುವಷ್ಟು ಮೂಗು. ಆ ಮೂಗು ಕಂಡು ಸಿಟ್ಟು ಬಂದು ಡ್ರಾಯರಿಗೆ ತುರುಕಿದ್ದೆ. ಹೊಳೆ ದಾಟಿ ಎಣಿಸುವಾಗ ತನ್ನನ್ನೇ ಬಿಟ್ಟ ದಡ್ಡನ ಕಥೆ ಹೇಳಿ ಎಷ್ಟು ಮಕ್ಕಳನ್ನು ನಗಿಸಿದ್ದೇನೋ. ಓಡಿಹೋಗಿ ಡ್ರಾಯರು ಎಳೆದೆ. ಐದು ಪುಟದ ಲೇಖನದ ಮೇಲೆಯೇ ಮಲಗಿತ್ತು. ಮೂಗು ಒತ್ತಿದೆ. ಗಟ್ಟಿ.

ಅವ್ವೆಯ ಕೈಗೆ ಕೊಟ್ಟು ಕತ್ತರಿ ತೆಗೆದೆ. ಅವಳು ಬೆರಳಲ್ಲಿ ಮೂಗನ್ನು ಹಿಸುಕಿದಳು, ಒಳಗಿನದನ್ನು ಗುರುತು ಹಿಡಿದಳು. ಕತ್ತರಿಯನ್ನು ಪಕ್ಕಕ್ಕೆ ಸರಿಸಿದಳು.

"ಕುಯ್ಯಬೇಡ. ಇಲ್ಲೇ ಇರಲಿ."

"ಯಾಕವ್ವೆ?"

"ಅದನ್ನು ಎನ್ನ ಬಾಯಿಗಿಡಬೇಕಾದವನು ನೀನು. ಊರಿಗೆಲ್ಲ ಅದರ ಕಥೆ ಹೇಳಿದೆಯಂತೆ. ಎಲ್ಲಿಟ್ಟಿದ್ದೀ ಅಂತ ಒಂದು ದಿನ ಎನ್ನ ಕೇಳಲಿಲ್ಲ. ಇನ್ನು ನೀನು ಮರೆಯಲ್ಲ."

ನಮ್ಮಲ್ಲಿ ಕಿರಿಯರು ತಲೆ ಬಾಗಿಸಿದರೆ ಹಿರಿಯರು ನೆತ್ತಿಯ ಮೇಲೆ ಕೈಯಿಟ್ಟು ಹರಸುತ್ತಾರೆ. ಅದರ ಮೇಲೂ ನನ್ನದೊಂದು ಲೇಖನವಿದೆ. ತಲೆ ಬಾಗಿಸಿ ಎಷ್ಟು ವರ್ಷವಾಗಿತ್ತೋ. ಬಾಗಿಸಿದೆ. ಕೈಯಿಟ್ಟಳು.

ಎಂಟು ಸ್ಕ್ವಿಶಿಗಳಿಗೂ ಹೊಸ ಟೇಪು ಹಾಕಿ ಕೊಟ್ಟಿದ್ದೇನೆ. ಅಂಟಿಸಿದ್ದು ಸೊಟ್ಟ ಅಂತ ಮಕ್ಕಳು ಬೈದರು. ಲೇಖನದಲ್ಲಿ "ಮರೆಯಾಗಿದೆ" ಅನ್ನುವ ಮಾತನ್ನು ಹೊಡೆದುಹಾಕಿದ್ದೇನೆ. ಅವ್ವೆ ಈಗ ಸ್ಪಂಜಿನ ದಿಂಬಿನ ಕೆಳಗೆ ನನ್ನ ಮುಖವನ್ನಿಟ್ಟುಕೊಂಡು ಮಧ್ಯಾಹ್ನದ ನಿದ್ದೆ ಮಾಡುತ್ತಾಳೆ. ಮಗ್ಗುಲು ಬದಲಿಸಿದಾಗಲೆಲ್ಲ ಪರಪರ ಅನ್ನುತ್ತದೆ. ಪಕ್ಕದ ಕೋಣೆಯಲ್ಲಿ ಬರೆಯುತ್ತಾ ಕೂತ ನಾನು, ಅದು ಕೇಳಿಸಿದಾಗಲೆಲ್ಲ ಪೆನ್ನು ಕೆಳಗಿಟ್ಟು ಎದ್ದುಹೋಗಿ ಅವ್ವೆಗೆ ಏನಾದರೂ ಬೇಕಾ ಅಂತ ಕೇಳಿ ಬರುತ್ತೇನೆ.