ಹಂಡೆ ಹೊತ್ತು ಮಡುವಿಗಿಳಿದದ್ದು

ಹೊಳೆಯ ತಳದಲ್ಲಿದ್ದ ಒಂದು ಇಂಜಿನ್ನಿಗೆ ನಾನು ಕೊಟ್ಟ ಬೆಲೆ ಹೆಂಡತಿಯ ಎರಡು ಬಂಗಾರದ ಬಳೆ. ಯಾಕೆ ಅಂದರೆ, ದಡದ ಮೇಲಿನ ಇಂಜಿನ್ನಿಗೆ ಅವಳ ಮೈಮೇಲಿನ ಬಂಗಾರವೆಲ್ಲ ಸೇರಿದರೂ ಸಾಲುತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಹಳೇ ಪಾತ್ರೆ ಕೊಳ್ಳುವವನೊಬ್ಬ ನಮ್ಮ ತಾಮ್ರದ ಹಂಡೆ ತಿರುಗಿಸಿ ನೋಡಿ, "ಕಂಠ ನೆಗ್ಗೈತಲ್ರಿ ಯಜಮಾನ್ರ, ರೇಟು ಬರಂಗಿಲ್ಲ" ಅಂದ. ಆ ನೆಗ್ಗು ಬಿದ್ದದ್ದು ಹೆಂಗೆ ಅಂತ ಹೇಳ್ತೀನಿ, ಕೂಡ್ರಿ.

ಐವತ್ತರ ದಶಕದ ಕೊನೆ. ದಾವಣಗೆರೆಯ ಹಿಟ್ಟಿನ ಗಿರಣಿಯಲ್ಲಿ ಕೂಲಿಗಿದ್ದ ನನಗೆ ಆವರಗೆರೆಯಲ್ಲಿ ಸ್ವಂತ ಗಿರಣಿ ಹಾಕುವ ಹುಚ್ಚು. ಅದೇ ಹೊತ್ತಿಗೆ ಹರಿಹರದ ಸಾಹುಕಾರರೊಬ್ಬರ ಆಯಿಲ್ ಇಂಜಿನ್, ಆಚೆ ದಡಕ್ಕೆ ಹೋಗುವಾಗ ದೋಣಿ ಸಮೇತ ತುಂಗಭದ್ರೆಯ ಮಡುವಿನಲ್ಲಿ ಮುಳುಗಿತು. ಅದರ ರೇಟು ಕೇಳಲು ನಾನು ಹೋದಾಗಲೆಲ್ಲ ಅವರ ಕಾಫಿ ಕುಡಿದು, "ನನಗ್ಯಾಕ ಬಿಡ್ರಿ" ಅಂತ ಎದ್ದು ಬಂದೆ. ಕೊನೆಗೆ ಅವರೇ ಹೇಳಿ ಕಳಿಸಿದರು, ಎರಡು ಬಳೆಗೆ ವ್ಯಾಪಾರ ಕುದುರಿತು. ವ್ಯಾಪಾರದಲ್ಲಿ ಮಾತಿಗಿಂತ ಎದ್ದು ಬರುವುದು ಮುಖ್ಯ.

ಆ ಮಡುವಿನ ದಡದ ಊರು ಕಡರನಾಯಕನಹಳ್ಳಿಯ ನನ್ನ ಮಾವ ಮಗಳ ಬೋಳು ಕೈ ನೋಡಿ, "ಏನಪ್ಪ, ಮೀನಿಗೆ ಹಿಟ್ಟು ಬೀಸಿ ಕೊಡ್ತೀಯೇನು?" ಅಂದರು.

ಬೇಸಿಗೆ. ಮೇಲಿನ ನೀರು ಸ್ನಾನಕ್ಕೆ ಕಾಯಿಸಿಟ್ಟಷ್ಟು ಬೆಚ್ಚಗೆ. ಮಡು ಮೂರಾಳು ಆಳ. ಉಸಿರು ಬಿಗಿಹಿಡಿದು ಅಲ್ಲಿ ಇಂಜಿನ್ನಿಗೆ ಹಗ್ಗದ ಗಂಟು ಹಾಕಲಾಗದು ಎಂದು ಮೊದಲ ಮುಳುಗಿಗೇ ಗೊತ್ತಾಯಿತು. ಆಗ ಹಂಡೆ ನೆನಪಾಯಿತು. ಬೋರಲು ಮಾಡಿ ತಲೆಗೆ ಹೊತ್ತರೆ ಒಳಗಿನ ಗಾಳಿಯೆಲ್ಲ ನನ್ನದೇ. ಹೊತ್ತು ಇಳಿದೆ, ಆದರೆ ಇಳಿಯಬೇಕಲ್ಲ, ಬೆಂಡಿನಂತೆ ತೇಲಿದೆ! ಮಾವ ದಡದಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಂಡತಿ ರುದ್ರಮ್ಮ ತವರುಮನೆಯ ರುಬ್ಬುಗುಂಡು ತರಿಸಿ ನನ್ನ ಸೊಂಟಕ್ಕೆ ಕಟ್ಟಿ, ಜೊತೆಗೊಂದು ಹಗ್ಗವನ್ನೂ ಬಿಗಿದು ಅದರ ತುದಿ ತಾನೇ ಹಿಡಿದಳು. "ಹಗ್ಗ ಜಗ್ಗಿದ್ರ ಮ್ಯಾಲೆ ಎಳಕೊಂತೀನಿ. ಗುಂಡು ಮಾತ್ರ ಅಲ್ಲೇ ಬಿಟ್ ಬರಬ್ಯಾಡ್ರಿ."

ಕೆಳಗೆ ನೀರು ತಣ್ಣಗೆ, ಬೆಳಕು ಹಸಿರು. ಮಗ್ಗುಲಿಗೆ ಮಲಗಿದ ದೋಣಿಯ ಹಲಗೆ ಸಂದಿಯಲ್ಲಿ ಮೀನುಗಳು ಸಂಸಾರ ಹೂಡಿದ್ದವು. ನಡುವೆ ಇಂಜಿನ್ನಿನ ದಪ್ಪ ಚಕ್ರ. ಹಂಡೆಯೊಳಗೆ ನನ್ನ ಉಸಿರೇ ಗಿರಣಿಯ ಸದ್ದಿನಂತೆ ಕೇಳಿತು. ಗಾಳಿ ಬಿಸಿಯಾಗುವಷ್ಟರಲ್ಲಿ ಚಕ್ರಕ್ಕೆ ಮಿಣಿಹಗ್ಗ ಬಿಗಿದೆ. ಏಳುವ ಆತುರದಲ್ಲಿ ಹಂಡೆಯ ಕಂಠ ಆ ಚಕ್ರಕ್ಕೇ ಬಡಿದು ನೆಗ್ಗಿತು.

ಇನ್ನೊಂದು ತುದಿಗೆ ಮಾವನ ಎತ್ತು ಹೂಡಿದೆವು. ಅವು ಬಾವಿಯ ಕಪಿಲೆ ಎಳೆದು ಬೆಳೆದ ಎತ್ತು: ಮುಂದೆ ನಡೆದು ನೀರಿನ ಚೀಲ ಮೇಲೆತ್ತುವುದು, ಹಿಮ್ಮುಖವಾಗಿ ನಡೆದು ಅದನ್ನು ಮತ್ತೆ ಇಳಿಸುವುದು. ಇಂಜಿನ್ ಇಷ್ಟು ಮೇಲೆ ಬಂತು. ಎತ್ತುಗಳು ನಿಯತ್ತಾಗಿ ಹಿಂದಕ್ಕೆ ನಡೆದು ಅದನ್ನು ಮಡುವಿಗೇ ಒಪ್ಪಿಸಿದವು. ಮತ್ತೆ ಎಳೆದರೂ ಅದೇ. ಮಾವ ಬಾರುಕೋಲು ಎತ್ತಿದರು. ನನ್ನ ಕಣ್ಣಿಗೆ ಬಳೆಗಳೇ ನೀರಿಗೆ ಜಾರಿದಂತೆ ಕಂಡವು.

"ಹೊಡಿಬ್ಯಾಡಪ್ಪ," ಅಂದಳು ರುದ್ರಮ್ಮ. "ಎತ್ತು ಹಿಂದಕ ಬರ್ಲಿ. ಮಿಣಿ ಯಾಕ ಬರ್ಬೇಕು?"

ಎತ್ತು ಮುಂದೆ ಹೋದಕೂಡಲೇ ಅವಳು ಮಿಣಿಯನ್ನು ದಡದ ಮತ್ತಿಮರಕ್ಕೆ ಸುತ್ತಿ ಹಿಡಿದಳು. ಎತ್ತು ಆರಾಮವಾಗಿ ಹಿಂದೆ ಬಂದವು. ಸಡಿಲ ಮಿಣಿಯನ್ನು ಮತ್ತೆ ನೊಗಕ್ಕೆ ಬಿಗಿದೆವು. ಹೀಗೆ ಎಳೆದೆಳೆದು ಸಂಜೆ ಬಿಸಿಲಿಗೆ ಚಕ್ರ ನೀರಿನಿಂದ ಎದ್ದಾಗ ನಾನು ಕೂಗಿದ ಕೂಗು ಹರಿಹರದ ಸೇತುವೆಗೂ ಕೇಳಿರಬೇಕು. ಮಾವ ರುಮಾಲು ಬಿಚ್ಚಿ ಅದರಲ್ಲೇ ಕೆಸರು ಒರೆಸುತ್ತ, "ಅಳಿಯಂದ್ರ, ಮೊದಲನೇ ಹಿಟ್ಟು ನಮ್ಮದು" ಅಂದರು. ಅದುವರೆಗೆ ನಾನು ಬರೀ 'ಏನಪ್ಪ' ಆಗಿದ್ದೆ.

ಬಿಚ್ಚಿ, ತೊಳೆದು, ಒಣಗಿಸಿದ ಆ ಇಂಜಿನ್ ಆವರಗೆರೆಯಲ್ಲಿ ಟುಕುಟುಕು ಅಂದ ದಿನ ಮಾವ ಜೋಳದ ಚೀಲ ಹೊತ್ತು ಸಾಲಿನಲ್ಲಿ ಮೊದಲು ನಿಂತಿದ್ದರು. ಗಿರಣಿಯ ದುಡಿಮೆಯಲ್ಲಿ ರುದ್ರಮ್ಮನ ಬಳೆ ಮತ್ತೆ ಕೈಗೇರಿದವು.

ಪಾತ್ರೆಯವನಿಗೆ, "ಇದು ಮಾರೋದಲ್ಲ" ಅಂದೆ. ಬಂದ ಗಿರಾಕಿಯ ಜೊತೆ ಚೌಕಾಸಿಯನ್ನೇ ಮಾಡದೆ ಕಳಿಸಿದ್ದು ಜೀವಮಾನದಲ್ಲಿ ಇದೇ ಮೊದಲು. ಒಳಗಿಂದ ರುದ್ರಮ್ಮ, "ನೆಗ್ಗಿಗೇ ಜಾಸ್ತಿ ಕೇಳ್ಬೇಕಿತ್ರಿ" ಅಂದಳು.

ನೀವೂ ಮುಳುಗಿದ ಮಾಲು ಕೊಳ್ಳುವುದಾದರೆ ಧೈರ್ಯವಾಗಿ ಕೊಳ್ಳಿ, ಆದರೆ ಬೇಸಿಗೆಯಲ್ಲಿ ಕೊಳ್ಳಿ. ಎತ್ತು ತರುವಾಗ ಬಲ ಕೇಳಬೇಡಿ, ನಿನ್ನೆಯವರೆಗೆ ಯಾವ ಕೆಲಸದಲ್ಲಿದ್ದವು ಅಂತ ಕೇಳಿ. ನೀರಿಗಿಳಿಯುವ ಮುಂಚೆ ಹಗ್ಗದ ತುದಿಯನ್ನು ಬಳೆ ಬಿಚ್ಚಿ ಕೊಟ್ಟವಳ ಕೈಗೇ ಕೊಡಿ.